ಶಾಲಾ ಸಮಿತಿಗೆ ನಾನು ನಿಂತ ವರ್ಷ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಗಲ್ಫಿನಲ್ಲಿ, ರೂವಿ ಎಂಬ ಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದೆವು, ಮೂರನೆಯ ಮಾಳಿಗೆಯ ಫ್ಲಾಟಿನಲ್ಲಿ. ನನ್ನ ಗಂಡ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಶಿಪ್ಪಿಂಗ್ ಕಾಗದಪತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಮಗಳಿಗೆ ಆರು ವರ್ಷ, ಒಂದನೆಯ ತರಗತಿ. ಅವಳು ಹೋಗುತ್ತಿದ್ದ ಶಾಲೆ ನಮ್ಮಂಥ ಭಾರತೀಯರೇ ಸೇರಿ ನಡೆಸುತ್ತಿದ್ದ ಸಣ್ಣ ಶಾಲೆ. ನಾವು ಊರಿಗೆ ಮರಳಿದ ಮೇಲೆ ಅದು ಮುಚ್ಚಿತಂತೆ. ಆ ಶಾಲೆಯ ಸಮಿತಿಯ ಅಧ್ಯಕ್ಷರು ನನ್ನ ಗಂಡನ ಕಂಪನಿಯ ಮ್ಯಾನೇಜರೂ ಆಗಿದ್ದರು. ನಮ್ಮ ವೀಸಾದ ಕಾಗದಗಳು ಅವರ ಮೇಜು ದಾಟಿಯೇ ಹೋಗಬೇಕಿತ್ತು. ಮುಂದೆ ನಡೆದದ್ದೆಲ್ಲ ಅರ್ಥವಾಗಲು ಇಷ್ಟು ಗೊತ್ತಿದ್ದರೆ ಸಾಕು.

ಶಾಲೆಯ ವ್ಯಾನು ಮಧ್ಯಾಹ್ನ ಒಂದೂಕಾಲಕ್ಕೆ ಕಟ್ಟಡದ ಎದುರು ಬರುತ್ತಿತ್ತು. ನಾನು ದಿನವೂ ಐದು ನಿಮಿಷ ಮೊದಲೇ ಇಳಿದು ನಿಲ್ಲುವವಳು. ಮೇ ತಿಂಗಳ ಆ ದಿನ ಗ್ಯಾಸ್ ಸಿಲಿಂಡರ್ ತಂದವನು ಬಾಗಿಲಲ್ಲೇ ನಿಂತಿದ್ದ. ಅವನನ್ನು ಕಳುಹಿಸಿ ಕೆಳಗೆ ಓಡಿದಾಗ ವ್ಯಾನು ಹೋಗಿಯಾಗಿತ್ತು. ಮೆಟ್ಟಿಲ ಮೇಲೆ ಎದುರಾದ ಐದನೆಯ ತರಗತಿಯ ಹುಡುಗಿಯನ್ನು ಕೇಳಿದೆ.

"ನನ್ನ ಮಗಳು ಎಲ್ಲಿ?"

"ಐ ಥಾಟ್ ಶೀ ವಾಸ್ ಆಬ್ಸೆಂಟ್, ಆಂಟಿ."

ಬೆಳಿಗ್ಗೆ ನಾನೇ ಕೈಹಿಡಿದು ವ್ಯಾನಿಗೆ ಹತ್ತಿಸಿದ್ದೆ. ಒಂದೊಂದು ಮಾಳಿಗೆ ಹತ್ತಿ ಬಾಗಿಲು ಬಡಿದೆ. ಕೆಳಗಿನ ಕಿರಾಣಿ ಅಂಗಡಿಯಿಂದ ಶಾಲೆಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಚಪ್ಪಲಿ ಹಾಕಿಲ್ಲವೆಂಬುದು ರಸ್ತೆಗಿಳಿದು ಅಂಗಾಲು ಸುಟ್ಟಾಗ ತಿಳಿಯಿತು. ಯಾವ ಕಡೆ ಓಡಬೇಕೆಂದು ತಿಳಿಯದೆ ಕಂಡ ಕಾರುಗಳಿಗೆಲ್ಲ ಕೈ ತೋರಿಸುತ್ತಿದ್ದೆ. ಅಷ್ಟರಲ್ಲಿ ಅಂಗಡಿಯವನು ಒಳಗಿನಿಂದ ಕೂಗಿದ. ನನ್ನ ಗಂಡನ ಫೋನು.

"ಮಗು ಸಿಕ್ಕಿತು. ವಾದಿ ಕಬೀರಿನಲ್ಲಿ ಉಂಟು. ನಾನು ಹೋಗ್ತಾ ಇದ್ದೇನೆ. ನೀನು ಅಲ್ಲೇ ಕೂತ್ಕೊ, ಎಲ್ಲಿಗೂ ಹೋಗ್ಬೇಡ."

ಅವಳು ವ್ಯಾನಿನ ಕೊನೆಯ ಸೀಟಿನಲ್ಲಿ ಮಲಗಿ ನಿದ್ದೆ ಹೋಗಿದ್ದಳು. ಡ್ರೈವರ್ ಹಿಂತಿರುಗಿ ನೋಡಲಿಲ್ಲ. ವಾದಿ ಕಬೀರಿನ ಗ್ಯಾರೇಜುಗಳ ಹಿಂದಿನ ಬಯಲಿನಲ್ಲಿ ವ್ಯಾನು ನಿಲ್ಲಿಸಿ, ಬೀಗ ಹಾಕಿ ಊಟಕ್ಕೆ ಹೋಗಿದ್ದ. ಸೈಲೆನ್ಸರ್ ರಿಪೇರಿಯ ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬರು ಯಾವುದೋ ಬಿಡಿಭಾಗ ತರಲು ಆ ದಾರಿಯಲ್ಲಿ ಹೋಗುವಾಗ ಗಾಜು ಬಡಿಯುವ ಸದ್ದು ಕೇಳಿಸಿತಂತೆ. ಅರ್ಧ ಸರಿದಿದ್ದ ಕಿಟಕಿಯಿಂದ ಅವಳನ್ನು ಎಳೆದು ತೆಗೆದು, ಅಂಗಡಿಗೆ ಹೊತ್ತುಕೊಂಡು ಹೋಗಿ, ತಲೆಗೆ ಒದ್ದೆ ಬಟ್ಟೆ ಸುತ್ತಿ ಮಜ್ಜಿಗೆ ಕುಡಿಸಿದ್ದರು. ಕೊರಳಿನ ಗುರುತಿನ ಕಾರ್ಡಿನಲ್ಲಿದ್ದ ಗಂಡನ ಆಫೀಸಿನ ನಂಬರಿಗೆ ಫೋನು ಮಾಡಿದವರೂ ಅವರೇ. ನಮ್ಮ ಜಿಲ್ಲೆಯವರೇ, ಬ್ಯಾರಿ ಮಾತಾಡುವವರು.

ಮರುದಿನ ಅವರನ್ನು ನೋಡಲು ಹೋದೆವು. ನಲವತ್ತು ದಾಟಿದ, ಬೆರಳುಗಳೆಲ್ಲ ಕಪ್ಪಾದ ಮನುಷ್ಯ. ನಾನು ಕೈ ಮುಗಿದಾಗ ಅವರು ಸಂಕೋಚದಿಂದ ಹಿಂದೆ ಸರಿದರು.

"ಅಯ್ಯೋ, ಅದೆಲ್ಲ ಎಂತಕ್ಕೆ ಅಕ್ಕ? ನನಗೂ ಮಕ್ಕಳು ಉಂಟಲ್ಲ ಊರಲ್ಲಿ." ಆಮೇಲೆ ದನಿ ತಗ್ಗಿಸಿ ಅಂದರು: "ಒಂದು ಮಾತ್ರ. ನನ್ನ ವಿಷಯ ಎಲ್ಲಿಯೂ ಎತ್ತಬೇಡಿ. ನನ್ನ ವೀಸಾ ಬರ್ಕಾದ ಒಬ್ಬ ಕಫೀಲನದ್ದು, ತೋಟದ ಕೆಲಸಕ್ಕೆ. ಇಲ್ಲಿ ದುಡಿಯುವುದು ಗೊತ್ತಾದ್ರೆ ಖಲಾಸ್, ಊರಿಗೆ ಹಾಕಿಬಿಡ್ತಾರೆ."

ಕಫೀಲನೆಂದರೆ ವೀಸಾ ಕೊಡಿಸಿದ ಅಲ್ಲಿನ ಯಜಮಾನ, ಅವನನ್ನು ಬಿಟ್ಟು ಬೇರೆಡೆ ದುಡಿಯುವಂತಿರಲಿಲ್ಲ. ಎತ್ತುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಶಾಲೆಗೆ ದೂರು ಬರೆದೆವು. ಉತ್ತರ ಬರಲಿಲ್ಲ. ವ್ಯಾನುಗಳ ಗುತ್ತಿಗೆದಾರ ಅಧ್ಯಕ್ಷರ ಆಪ್ತ. ಮಗು ತಪ್ಪು ನಿಲ್ದಾಣದಲ್ಲಿ ಇಳಿದು ಅಲೆದಾಡಿರಬೇಕು, ತಾಯಿ ಸರಿಯಾದ ಹೊತ್ತಿಗೆ ಬಂದಿರಲಿಲ್ಲ ಎಂದು ಅವನು ಹೇಳಿದನಂತೆ. ಎರಡನೆಯ ಮಾತು ನಿಜವಾಗಿತ್ತು, ಅದಕ್ಕೇ ಅದು ನನ್ನನ್ನು ಹೆಚ್ಚು ಚುಚ್ಚಿತು. ಅದೇ ಡ್ರೈವರ್, ಅದೇ ವ್ಯಾನು ದಿನವೂ ಬರುತ್ತಿತ್ತು. ಮಗಳನ್ನು ನಾನು ಟ್ಯಾಕ್ಸಿಯಲ್ಲಿ ಕರೆದೊಯ್ಯತೊಡಗಿದೆ. ಆದರೆ ಒಂದೂಕಾಲಕ್ಕೆ ಕೆಳಗೆ ಹಾರ್ನ್ ಕೇಳಿದರೆ ಕಿಟಕಿಗೆ ಓಡುತ್ತಿದ್ದೆ, ಇಳಿಯುವ ಮಕ್ಕಳನ್ನು ಎಣಿಸುತ್ತಿದ್ದೆ. ಕಟ್ಟಡದ ಮಕ್ಕಳೆಲ್ಲ ಇಳಿದರೇ ಎಂದು ನೋಡದೆ ಊಟ ಇಳಿಯುತ್ತಿರಲಿಲ್ಲ.

ಅದೇ ತಿಂಗಳು ಶಾಲೆಯಿಂದ ಸುತ್ತೋಲೆ ಬಂತು. ಸಮಿತಿಯಲ್ಲಿ ಪೋಷಕರಿಗೆ ಒಂದು ಸ್ಥಾನ, ರಜೆಗೆ ಮೊದಲು ಚುನಾವಣೆ. ಅದುವರೆಗೆ ಆ ಸ್ಥಾನಕ್ಕೆ ಯಾರನ್ನಾದರೂ ಅಧ್ಯಕ್ಷರೇ ಸೂಚಿಸುತ್ತಿದ್ದರು, ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಕಾಗದವನ್ನು ಓದಿ ಗಂಡನ ಎದುರಿಟ್ಟೆ.

"ನಾನು ನಿಲ್ತೇನೆ."

ಅವರು ಓದಿ ಅದನ್ನು ಮಡಚಿದರು. "ನಿನಗೆ ತಲೆ ಸಮ ಉಂಟಾ ಮಾರಾಯ್ತಿ?" ಎಂದರು. "ಅವರು ಒಂದು ಸಹಿ ಹಾಕದಿದ್ರೆ ಸಾಕು. ಮೂರು ಜನವೂ ವಿಮಾನ ಹತ್ತಬೇಕು."

"ಇನ್ನೊಂದು ಮಗು ಆ ವ್ಯಾನಲ್ಲಿ ಮಲಗಿದ್ರೆ?"

ಅವರು ಎದ್ದು ಬಾಲ್ಕನಿಗೆ ಹೋದರು. ಸಿಟ್ಟು ಅಲ್ಲ ಅದು, ಹೆದರಿಕೆ. ನನಗೂ ಇತ್ತು.

ನಾಮಪತ್ರಕ್ಕೆ ಇನ್ನೊಬ್ಬ ಪೋಷಕರ ಸಹಿ ಬೇಕಿತ್ತು. ಕಟ್ಟಡದ ನಾಲ್ಕು ಮನೆಗಳಲ್ಲಿ ಚಹಾ ಸಿಕ್ಕಿತು, ಸಹಿ ಸಿಗಲಿಲ್ಲ. ಎಲ್ಲರೂ ಬಾಗಿಲು ಮುಚ್ಚಿಕೊಂಡೇ ಮಾತಾಡಿದರು. ನಮಗೂ ವ್ಯಾನಿನದೇ ಚಿಂತೆ, ಆದರೆ ನಮ್ಮ ಯಜಮಾನರ ಕಂಪನಿಯವರಿಗೆ ಅಧ್ಯಕ್ಷರ ಪರಿಚಯ ಉಂಟು ಎಂದರು ಒಬ್ಬರು. ನಾವು ಈ ವರ್ಷ ವೀಸಾ ಬದಲಿಸುವವರಿದ್ದೇವೆ ಎಂದರು ಇನ್ನೊಬ್ಬರು. ಕೊನೆಗೆ ಮಗನನ್ನು ಅದೇ ಶಾಲೆಗೆ ಕಳುಹಿಸುತ್ತಿದ್ದ ಮೇಲಿನ ಮಾಳಿಗೆಯ ಮಲಯಾಳಿ ನರ್ಸ್ ಸಹಿ ಹಾಕಿದಳು. ಅವಳದು ಸರ್ಕಾರಿ ಆಸ್ಪತ್ರೆಯ ಕೆಲಸ. "ಮೇರಾ ಕಫೀಲ್ ತೋ ಸರ್ಕಾರ್ ಹೈ, ಯೇ ಲೋಗ್ ಕ್ಯಾ ಕರೇಗಾ?" ಎಂದು ನಕ್ಕಳು. ಪೆನ್ನು ಹಿಂತಿರುಗಿಸುವಾಗ ಮಾತ್ರ ನನ್ನ ಬೆರಳುಗಳನ್ನು ಗಟ್ಟಿಯಾಗಿ ಒತ್ತಿದಳು.

ನಾಮಪತ್ರ ಕೊಟ್ಟ ಮರುದಿನವೇ ಅಧ್ಯಕ್ಷರು ನನ್ನ ಗಂಡನನ್ನು ಕೋಣೆಗೆ ಕರೆಸಿಕೊಂಡರು. ಗದರಲಿಲ್ಲ. ಕಾಫಿ ತರಿಸಿದರು. ಮಗಳ ಓದು ಹೇಗಿದೆ, ವೀಸಾ ಯಾವಾಗ ಮುಗಿಯುತ್ತದೆ ಎಂದು ಕೇಳಿದರು. ಅಷ್ಟೇ. ಮನೆಗೆ ಬಂದು ಗಂಡ ಅದನ್ನು ಎರಡೆರಡು ಸಲ ಹೇಳಿದರು. ಗದರಿದ್ದರೆ ಇಬ್ಬರಿಗೂ ಸಮಾಧಾನವಾಗುತ್ತಿತ್ತೇನೋ. ಆ ವಾರ ಬಾಗಿಲ ಕರೆಗಂಟೆ ಬಾರಿಸಿದಾಗಲೆಲ್ಲ ಇಬ್ಬರೂ ಒಮ್ಮೆಗೇ ಎದ್ದು ನಿಲ್ಲುತ್ತಿದ್ದೆವು.

ಚುನಾವಣೆ ವಾರದ ರಜೆಯ ಒಂದು ಶುಕ್ರವಾರ ಬೆಳಿಗ್ಗೆ, ಶಾಲೆಯ ಅಸೆಂಬ್ಲಿ ಹಾಲಿನಲ್ಲಿ. ಎದುರಾಳಿ ಅಧ್ಯಕ್ಷರ ಕಡೆಯವರು, ರೂವಿಯಲ್ಲಿ ಅಂಗಡಿ ಇಟ್ಟವರು. ಇಬ್ಬರಿಗೂ ಐದೈದು ನಿಮಿಷ ಮಾತು. ಅವರು ಆಟದ ಮೈದಾನದ ಬಗ್ಗೆ ಹೇಳಿದರು. ನಾನು ಮೈಕಿನ ಎದುರು ನಿಂತಾಗ ಬರೆದುಕೊಂಡ ಕಾಗದ ಬೆವರಿಗೆ ಒದ್ದೆಯಾಗಿತ್ತು. ಅದನ್ನು ಮಡಚಿಟ್ಟು, ಮೇ ತಿಂಗಳ ಆ ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಪ್ರತಿ ವ್ಯಾನಿನಲ್ಲೂ ಒಬ್ಬ ಆಯಾ ಇರಬೇಕು, ಕೊನೆಯ ಮಗು ಇಳಿದ ಮೇಲೆ ಸೀಟುಗಳನ್ನು ನೋಡಿ ಸಹಿ ಹಾಕಬೇಕು, ನನಗೆ ಬೇಕಾದ್ದು ಇಷ್ಟೇ ಎಂದೆ.

ಅಧ್ಯಕ್ಷರು ವೇದಿಕೆಯಿಂದಲೇ ಕೇಳಿದರು, ತುಂಬ ಮೃದುವಾಗಿ, ಇಂಗ್ಲಿಷಿನಲ್ಲಿ. ಮಗು ವ್ಯಾನಿನ ಒಳಗಿತ್ತು ಅನ್ನುತ್ತೀರಿ. ನೀವು ನೋಡಿಲ್ಲ. ನಿಮ್ಮ ಯಜಮಾನರೂ ನೋಡಿಲ್ಲ. ಹಾಗಾದರೆ ನೋಡಿದವರು ಯಾರು?

ಮುಂದಿನ ಸಾಲುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಸುಳ್ಳುಗಾತಿಯಾದೆ ಅನಿಸಿತು. ಮಾತು ಬಾಯಿಂದ ಹಾರಿಹೋಯಿತು.

"ಇದ್ದಾರೆ, ನೋಡಿದವರು ಇದ್ದಾರೆ! ವಾದಿ ಕಬೀರಿನ ಸೈಲೆನ್ಸರ್ ಅಂಗಡಿಯಲ್ಲಿ, ನಮ್ಮ ಊರಿನವರೇ. ಅವರೇ ಕಿಟಕಿಯಿಂದ ಎಳೆದು ತೆಗೆದದ್ದು."

ಹೇಳಿ ಮುಗಿಸುವಷ್ಟರಲ್ಲೇ ಮೂರನೆಯ ಸಾಲಿನಲ್ಲಿದ್ದ ನನ್ನ ಗಂಡ ಕಣ್ಣು ಮುಚ್ಚಿಕೊಂಡದ್ದು ಕಂಡಿತು. ಎದುರು ಗೋಡೆಗೆ ಒರಗಿ ನಿಂತಿದ್ದ ಗುತ್ತಿಗೆದಾರ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಏನೋ ಬರೆದುಕೊಂಡ.

ನಾನು ಗೆದ್ದೆ. ಒಂಬತ್ತು ಮತಗಳ ಅಂತರ. ಚಹಾ ಕೊಟ್ಟು ಸಹಿ ಕೊಡದ ಮನೆಗಳವರೂ ಮಡಚಿದ ಚೀಟಿಯಲ್ಲಿ ನನಗೇ ಗುರುತು ಹಾಕಿದ್ದಿರಬೇಕು. ನರ್ಸ್ ನನ್ನನ್ನು ಅಪ್ಪಿಕೊಂಡು ಕುಣಿದಳು. ನನಗೆ ಮಾತ್ರ ಹಾಲಿನಿಂದ ಹೊರಗೆ ಓಡಿದರೆ ಸಾಕಾಗಿತ್ತು. ಅಲ್ಲಿಂದ ನೇರ ವಾದಿ ಕಬೀರಿಗೆ ಹೋದೆವು. ಶುಕ್ರವಾರವಾದ್ದರಿಂದ ಅಂಗಡಿ ಮುಚ್ಚಿತ್ತು. ಶನಿವಾರ ಗಂಡ ಮತ್ತೆ ಹೋದರು. ಕದ ತೆರೆದಿತ್ತು, ಅವರಿರಲಿಲ್ಲ.

"ಅವರು ಬರಲಿಲ್ಲವಾ?" ಎಂದು ಕೇಳಿದ್ದಕ್ಕೆ ಅಲ್ಲಿದ್ದವನು ತಲೆಯೆತ್ತದೆ ಅಂದನಂತೆ: "ಯಾರು? ಇಲ್ಲಿ ಅಂಥವರು ಯಾರೂ ಇಲ್ಲ."

ಆಮೇಲಿನ ವಾರಗಳ ಭಯ ಬೇರೆ ತರಹದ್ದು. ನಮ್ಮ ಬಗೆಗಿನ ಭಯಕ್ಕೆ ಒಂದು ಕೊನೆಯಿತ್ತು, ಹೆಚ್ಚೆಂದರೆ ಊರಿಗೆ ಹೋಗುತ್ತಿದ್ದೆವು. ಇದಕ್ಕೆ ಕೊನೆ ಕಾಣುತ್ತಿರಲಿಲ್ಲ. ನನ್ನ ಮಗುವನ್ನು ಬದುಕಿಸಿದವನನ್ನು ನಾನೇ ಹಿಡಿದುಕೊಟ್ಟೆನೇ? ರಸ್ತೆಯಲ್ಲಿ ಪೊಲೀಸ್ ಜೀಪು ಕಂಡರೆ ಹಿಂದಿನ ಸೀಟಿನಲ್ಲಿ ಯಾರಿದ್ದಾರೆಂದು ಇಣುಕುತ್ತಿದ್ದೆ. ರಜೆಗೆ ಊರಿಗೆ ಹೋದಾಗಲೂ ಮನೆಯವರ ಎದುರು ಗೆದ್ದ ಸುದ್ದಿ ಹೇಳಲು ಬಾಯಿ ಬರಲಿಲ್ಲ.

ರಜೆ ಮುಗಿಸಿ ಮರಳಿದ ಮೇಲೆ, ಗಂಡನ ಆಫೀಸಿನ ಡ್ರೈವರ್ ಸುದ್ದಿ ತಂದ. ಅವರು ಬರ್ಕಾದಲ್ಲಿದ್ದಾರೆ, ಕಫೀಲನ ತೋಟದಲ್ಲಿ. ಮುಂದಿನ ಶುಕ್ರವಾರ ಹೋದೆವು. ಮಗಳನ್ನೂ ಕರೆದುಕೊಂಡು ಹೋದೆವು. ನಿಂಬೆ ಗಿಡಗಳ ಬುಡಕ್ಕೆ ನೀರು ತಿರುಗಿಸುತ್ತಿದ್ದರು. ತುಂಬ ಸೊರಗಿದ್ದರು. ನಮ್ಮನ್ನು ಕಂಡು ಗುದ್ದಲಿ ನೆಲಕ್ಕೆ ಊರಿ ನಿಂತರು.

"ನನ್ನಿಂದ ತಪ್ಪಾಯಿತು," ಎಂದೆ.

"ಹೌದು ಅಕ್ಕ, ನೀವು ಹೇಳಬಾರದಿತ್ತು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. "ಯಾರೋ ಕಫೀಲನಿಗೆ ಫೋನು ಮಾಡಿದ್ರು. ಅವನು ಒಳ್ಳೆಯ ಮನುಷ್ಯ, ಪೊಲೀಸರಿಗೆ ಕೊಡಲಿಲ್ಲ. ಯಲ್ಲಾ, ತೋಟಕ್ಕೆ ಬಾ ಅಂದ. ಈ ಬಿಸಿಲು ನನಗೆ ಆಗುವುದಿಲ್ಲ. ಮುಂದಿನ ವರ್ಷ ಊರಿಗೆ ಹೋಗ್ತೇನೆ."

ಗಂಡ ಏನಾದರೂ ಸಹಾಯ ಮಾಡಬಹುದೇ ಎಂದು ಕೇಳಿದರು. ಅವರು ಬೇಡವೆಂದು ತಲೆಯಾಡಿಸಿದರು. ಮಗಳ ಎದುರು ಕುಕ್ಕರುಗಾಲಿನಲ್ಲಿ ಕುಳಿತರು.

"ಈಗ ವ್ಯಾನಲ್ಲಿ ನಿದ್ದೆ ಮಾಡ್ತೀಯಾ?"

"ನೋ," ಎಂದಳು ಅವಳು. "ಈಗ ಆಯಾ ಇದ್ದಾಳೆ. ಶೀ ಕೌಂಟ್ಸ್ ಅಸ್."

ಅದು ನಿಜ. ನಾನು ಹಾಜರಿದ್ದ ಮೊದಲ ಸಭೆಯಲ್ಲೇ ಆಯಾಗಳ ವಿಷಯ ಎತ್ತಿದ್ದೆ. ಹಾಲ್ ತುಂಬಿದ ಜನರ ಎದುರು ಆಡಿದ ಮಾತಾದ್ದರಿಂದ ಅಧ್ಯಕ್ಷರಿಗೆ ಬೇಡವೆನ್ನಲು ಆಗಲಿಲ್ಲ. ಡ್ರೈವರನೂ ಬದಲಾದ, ಮಗಳು ಮತ್ತೆ ವ್ಯಾನು ಹತ್ತತೊಡಗಿದಳು. ಗುತ್ತಿಗೆದಾರ ಉಳಿದ. ನಮ್ಮ ವೀಸಾ ಕಾಗದಕ್ಕೆ ಆ ವರ್ಷ ಸಹಿ ಬಿತ್ತು, ಆದರೆ ಕೊನೆಯ ವಾರದವರೆಗೂ ಅದು ಆ ಮೇಜಿನ ಮೇಲೆಯೇ ಬಿದ್ದಿತ್ತು. ಎರಡು ವರ್ಷ ನಾನು ಆ ಸಮಿತಿಯಲ್ಲಿದ್ದೆ. ಮಾತಾಡಲು ಎದ್ದಾಗಲೆಲ್ಲ ಇದರಿಂದ ಯಾರಿಗೆ ಏನಾಗಬಹುದು ಎಂದು ಮೊದಲು ಲೆಕ್ಕ ಹಾಕುತ್ತಿದ್ದೆ, ಎಷ್ಟೋ ಸಲ ಹಾಗೇ ಕುಳಿತುಬಿಡುತ್ತಿದ್ದೆ. ಮೂರನೆಯ ವರ್ಷ ನರ್ಸ್ ನಾಮಪತ್ರದ ಹಾಳೆ ಹಿಡಿದು ಬಂದಾಗ, ಈ ಸಲ ನೀನು ನಿಲ್ಲು, ನಾನು ಸಹಿ ಹಾಕುತ್ತೇನೆ ಎಂದೆ. ಅವಳು ನಿಂತಳು, ಸೋತಳು.