ಥ್ರಾಟಲ್ಲಿಗೆ ಬಿಸಿನೀರು ಬಂದ್

ಮೇಸ್ತ್ರಿಗೆ ಬೀದಿಯವರು ಇಟ್ಟ ಹೆಸರು ‘ಬೈಪಾಸ್’. ಚಿಕ್ಕಂದಿನಲ್ಲಿ ಮನೆಯ ಗಡಿಯಾರ ಬಿಚ್ಚಿ ಜೋಡಿಸಿ, ಮಿಕ್ಕ ಎರಡು ಚಕ್ರಗಳನ್ನು ‘ಇವು ದಂಡ’ ಎಂದು ಕಿಟಕಿಯಾಚೆ ಎಸೆದ ಮಹಾನುಭಾವ. ಇಪ್ಪತ್ತು ವರ್ಷ ಗ್ಯಾರೇಜು ನಡೆಸಿದರೂ, ಕಾರು ಮಾಡಿದವರು ಇಟ್ಟದ್ದನ್ನು ಇಟ್ಟ ಹಾಗೆ ಬಿಟ್ಟವನಲ್ಲ. ಬಾನೆಟ್ ಎತ್ತಿದರೆ ಸಾಕು, ಒಳಗೆ ಅವನಿಗೆ ಬರೀ ದಬ್ಬಾಳಿಕೆಯೇ ಕಾಣುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರೇ ಕಾಲುಕಿತ್ತರು. ಉಳಿದವಳು ಬಾಡಿಗೆ ಕಾರು ಓಡಿಸಿ ಸಂಸಾರ ತೂಗಿಸುವ ಅವನ ಸ್ವಂತ ಅಕ್ಕ ಒಬ್ಬಳೇ. ಅವಳೂ ಹೋದರೆ ಗ್ಯಾರೇಜಿಗೆ ಬೀಗ.

ಆ ದಿನ ಅವಳು ಬಂದದ್ದು ಆಯಿಲ್ ಬದಲಿಸಲು.

“ಅಕ್ಕಾ, ಇಲ್ನೋಡು,” ಎಂದು ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ಲಿಗೆ ಅಂಟಿಕೊಂಡ ಎರಡು ಸಣ್ಣ ಪೈಪು ತೋರಿಸಿದ. “ಇದು ಇಂಜಿನ್ನಿನ ಮೂಗು. ಮೂಗಿನ ಸುತ್ತ ಇಂಜಿನ್ ತಣಿಸಿ ಕುದಿಯೋ ಕೂಲೆಂಟ್ ನೀರು ಹರಿಸಿದ್ದಾರೆ ಮುಠ್ಠಾಳರು. ತಣ್ಣನೆ ಗಾಳಿ ಎಳಕೊಂಡ್ರೆ ತಾನೇ ಜೋರು ಬರೋದು?”

“ಚಳೀಲಿ ಮೂಗು ಕಟ್ಟದಿರ್ಲಿ ಅಂತ ಇಟ್ಟಿರ್ತಾರೆ ಕಣೋ. ನಾನು ಮಂಜು ಬಿದ್ದಿರೋ ಘಾಟಿ ಹತ್ತೋಳು.”

“ಅದೆಲ್ಲ ನಿನ್ನ ಕಾಲದ ಕಾರಿಗೆ.”

“ಇದು ನನ್ನ ಕಾಲದ ಕಾರೇ ಅಲ್ವೇನೋ?”

ಅವನು ಬಿಡಲಿಲ್ಲ. ಕೊನೆಗೆ ಅಕ್ಕ, “ಮಾಡ್ಕೊಂಡು ಸಾಯಿ. ದಾರೀಲಿ ಕೈಕೊಡ್ತೋ, ನನ್ನ ಗಾಡಿ ಮತ್ತೆ ನಿನ್ನ ಬಾಗಿಲಿಗೆ ಬರಲ್ಲ,” ಎಂದಳು.

ಪೈಪುಗಳನ್ನು ಕಿತ್ತು ಒಂದಕ್ಕೊಂದು ಜೋಡಿಸಿ, ಕ್ಲಿಪ್ಪು ಬಿಗಿದ. ಕೂಲೆಂಟ್ ಇನ್ನು ಥ್ರಾಟಲ್ಲಿನ ಕಡೆ ತಲೆಹಾಕದೆ ನೇರ ಸಾಗಬೇಕು. ಕಿತ್ತಾಗ ಒಂದಿಷ್ಟು ಚೆಲ್ಲಿತ್ತು. ಆ ಜಾಗಕ್ಕೆ ಗಾಳಿ ನುಗ್ಗಿತ್ತು; ಅದು ಒಳಗೇ ಉಳಿದರೆ ಕೂಲೆಂಟ್ ಸುತ್ತದು, ಹೀಟರಿಗೂ ಬಿಸಿ ತಲುಪದು. ಕೂಲೆಂಟ್ ತುಂಬಿ, ಮುಚ್ಚಳ ತೆರೆದಿಟ್ಟು, ಇಂಜಿನ್ ಓಡಿಸಿ, ಗುಳ್ಳೆ ನಿಲ್ಲುವ ತನಕ ಕಾಯಬೇಕು. ಕ್ರಾಂತಿ ಮಾಡುವವನಿಗೆ ಕಾಯುವ ಪುರುಸೊತ್ತೆಲ್ಲಿ? ಸುರಿದ, ಮುಚ್ಚಿದ, ಕೈ ಒರೆಸಿಕೊಂಡ.

ಮರುದಿನ ಬೆಳಗ್ಗೆ ತನ್ನ ಸಾಧನೆ ನೋಡಲು, ಘಾಟಿಗೆ ಹೊರಟ ಅಕ್ಕನ ಪಕ್ಕದಲ್ಲಿ ತಾನೂ ಕೂತ.

“ಹೆಂಗೆ? ಕುದುರೆ ಅಲ್ವಾ?”

“ಹೀಟರ್ ಹಾಕಿದ್ರೆ ತಣ್ಣಗೆ ಊದ್ತಿದೆಯಲ್ಲೋ ನಿನ್ನ ಕುದುರೆ.”

“ನೋಡಿದ್ಯಾ, ಎಲ್ಲಾ ಕಡೆ ತಂಪು!”

ಘಾಟಿಯ ಮೂರನೇ ತಿರುವಿನಲ್ಲಿ ಶಾಖದ ಮುಳ್ಳು ಕೆಂಪಿಗೆ ಏರಿತು. ಅಕ್ಕ ಗಾಡಿ ಪಕ್ಕಕ್ಕೆ ಹಾಕಿ ಇಂಜಿನ್ ಆರಿಸಿದಳು. ತಮ್ಮ ಇಳಿದವನೇ ಕೂಲೆಂಟ್ ಮುಚ್ಚಳಕ್ಕೆ ಕೈ ಹಾಕಿದ. ಅವಳು ಕೈಗೇ ಒಂದು ಬಿಟ್ಟಳು.

“ಮೋರೆ ಬೇಯಿಸ್ಕೋತೀಯಾ?”

“ಕಂಪನಿಯೋರ ರೇಡಿಯೇಟರೇ ಸರಿ ಇಲ್ಲ ಅಕ್ಕಾ.”

“ಹೂಂ. ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ.”

ಆರಲು ಒಂದು ಗಂಟೆ ಹಿಡಿಯಿತು. ಆಮೇಲೆ ಅವಳೇ ಮುಚ್ಚಳ ತೆಗೆದು, ಬಾಟಲಿ ನೀರನ್ನು ಸಣ್ಣಗೆ ಹೊಯ್ದು, ಇಂಜಿನ್ ಓಡಿಸಿದಳು. ಗುಳುಗುಳು ಗಾಳಿ ಎದ್ದಿತು. ಮೇಸ್ತ್ರಿ ದೂರದ ಗುಡ್ಡ ನೋಡುತ್ತ ನಿಂತ. ಹೀಟರ್ ಬಿಸಿಯಾಯಿತು, ಮುಳ್ಳು ಇಳಿಯಿತು.

ಊರಿಗೆ ಮರಳಿ ಅವನ ಗ್ಯಾರೇಜಿನೆದುರು ಗಾಡಿ ನಿಲ್ಲಿಸಿದಳು. ಮೇಸ್ತ್ರಿಯ ಮುಖ ಅರಳಿತು.

“ಒಳಗೆ ತರ್ತೀಯಾ ಅಕ್ಕಾ? ಪೈಪು ಮೊದಲಿನ ಹಾಗೇ ಹಾಕ್ಕೊಡ್ತೀನಿ.”

“ಬೇಡ, ನೀನು ಇಳಿ,” ಎಂದಳು ಅಕ್ಕ, ಗೇರಿನ ಮೇಲಿನ ಕೈ ತೆಗೆಯದೆ. “ಎದುರು ಗ್ಯಾರೇಜಿನೋನು ಊಟಕ್ಕೆ ಹೋಗೋಕೆ ಮುಂಚೆ ಹಿಡೀಬೇಕು.”