ದೊಡ್ಡಪ್ಪನ ಮೈಗೆ ಬಂದ ಕೆಂಪು

ಬೆಳಿಗ್ಗೆ ಹತ್ತೂಕಾಲಿಗೆ ದೊಡ್ಡಪ್ಪನ ಕೈಯಿಂದ ಗೊಂಬೆಗೆ ಬಣ್ಣ ಹಚ್ಚುವ ಅರಗಿನ ಕಡ್ಡಿ ಜಾರಿ ಬಿತ್ತು. ಏಪ್ರಿಲ್ ಬಿಸಿಲಲ್ಲಿ, ತಿರುಗುವ ಲೇತಿನ ಮುಂದೆ ಅವರು ಗಡಗಡ ನಡುಗುತ್ತಿದ್ದರು. ಹಣೆಯಿಂದ ಪಾದದವರೆಗೆ ಕೆಂಡದಂಥ ಕೆಂಪು. ಬಿ.ಎಸ್ಸಿ ರಜೆಗೆ ಬಂದಿದ್ದ ನಾನು ಅವರ ಅಂಗಿ ಬಿಚ್ಚಿದರೆ ಒಳಗಿಂದ ಚರ್ಮದ ಹೊಟ್ಟು ಹಿಡಿಗಟ್ಟಲೆ ಉದುರಿತು.

ದೊಡ್ಡಪ್ಪ ಚನ್ನಪಟ್ಟಣದಲ್ಲಿ ಗೊಂಬೆ ಮಾಡುತ್ತಿದ್ದರು. ಮೊಣಕೈ, ಮಂಡಿಗಳ ಮೇಲೆ ಬೆಳ್ಳಿಯಂಥ ಪೊರೆ ಅವರಿಗೆ ಹರೆಯದಿಂದಲೂ ಇತ್ತು. ದೂರ ಸರಿದು ಕೂರುವ ಗಿರಾಕಿಗೆ ಅವರೇ ಹೇಳುತ್ತಿದ್ದರು: "ಅಂಟಾಕಿಲ್ಲ, ಬನ್ನಿ ಸ್ವಾಮಿ. ಗೊಂಬೆಗೆ ಹಾಕಿದ ಬಣ್ಣ ನಿಲ್ತದೆ, ನಂದು ಮಾತ್ರ ಉದುರ್ತದೆ." ಅವರು ತುಂಬುತೋಳಿನ ಅಂಗಿ ಹಾಕಿದ್ದನ್ನು ನಾನು ಕಾಣೆ.

ಆ ವರ್ಷ ಸಂತೆಯಲ್ಲಿ ಯಾರೋ ಹೆಸರಿಲ್ಲದ ಬಿಳಿ ಮಾತ್ರೆ ಕೊಟ್ಟಿದ್ದ. ನೋಡನೋಡುತ್ತ ಮೈ ಪಾಲಿಷ್ ಮಾಡಿದ ಗೊಂಬೆಯಂತಾಯಿತು. ವಾಸಿಯಾಯಿತೆಂದು ದೊಡ್ಡಪ್ಪ ಮಾತ್ರೆ ಬಿಟ್ಟರು. ಬಿಟ್ಟ ಮೇಲೆ ಬಂದದ್ದು ಈ ಕೆಂಪು.

ಅಜ್ಜಿ, ಅಂದರೆ ದೊಡ್ಡಪ್ಪನ ತಾಯಿ, ನೋಡಿದ ಕೂಡಲೇ "ಅಮ್ಮ ಬಂದವ್ಳೆ" ಎಂದರು. ಸಿಡುಬೋ ದಡಾರವೋ ಎದ್ದರೆ ದೇವಿಯೇ ಮೈಗಿಳಿದಳೆಂದು ನಮ್ಮಲ್ಲಿ ನಂಬಿಕೆ. ಆಮೇಲೆ ಔಷಧಿ ಕೊಡುವಂತಿಲ್ಲ, ಹೊಸಿಲು ದಾಟಿಸುವಂತಿಲ್ಲ. ಬಾಗಿಲಿಗೆ ಬೇವು ಕಟ್ಟಿದರು. ಬೇವಿನೆಲೆಯ ಮೇಲೆ ಮಲಗಿಸಿ ಅರಿಶಿನದ ತಣ್ಣೀರು ಹೊಯ್ದರು. ಸಂಜೆಗೆ ಕಾಲು ಊದಿತು, ತುಟಿ ಬಿಳಿಚಿತು, ಹಲ್ಲು ಕಟಕಟ ಎನ್ನತೊಡಗಿತು. ನಾನು ಆಟೋ ತಂದೆ. ಅಜ್ಜಿ ಬಾಗಿಲಿಗೆ ಅಡ್ಡ ನಿಂತರು.

"ಅಮ್ಮನ್ನ ಆಸ್ಪತ್ರೆಗೆ ಹೊತ್ಕೊಂಡು ಹೋಗ್ತೀಯೇನ್ಲಾ? ಮನೇನೇ ಸುಟ್ಬುಡ್ತಾಳೆ!"

ದೊಡ್ಡಪ್ಪ ತಾಯಿಗೆ ಎದುರಾಡಿದವರಲ್ಲ. ಗೋಡೆ ಹಿಡಿದು ಎದ್ದು, ಬಾಗಿಲ ಬೇವಿಗೆ ಕೈ ಮುಗಿದರು. "ತಾಯೀ, ನೀನೇ ಬಂದಿದ್ರೆ ಸಂತೋಷ. ಆಸ್ಪತ್ರೆವರ್ಗೂ ಜೊತೇಲಿ ಬಾ. ಅಲ್ಲೂ ಬೇವಿನ ಮರ ಐತೆ."

ಅಜ್ಜಿ ಬಾಗಿಲ ಬೇವಿನ ಒಂದು ಕಡ್ಡಿ ಕಿತ್ತುಕೊಂಡು ತಾವೇ ಮೊದಲು ಆಟೋ ಹತ್ತಿದರು. ಜೀವ ಹೋಗುತ್ತಿರುವಾಗ ಆ ಮನುಷ್ಯನಿಗೆ ಆ ಮಾತು ಹೇಗೆ ಹೊಳೆಯಿತೋ, ನನಗೆ ಇಂದಿಗೂ ಬೆರಗು.

"ಇನ್ನೊಂದು ದಿನ ಬಿಟ್ಟಿದ್ದರೆ ಕಷ್ಟವಿತ್ತು" ಎಂದರು ಡಾಕ್ಟರಮ್ಮ. ಆ ಮಾತ್ರೆ ಸ್ಟೀರಾಯ್ಡಂತೆ. ತಟ್ಟನೆ ಬಿಟ್ಟದ್ದರಿಂದ ಆ ಬೆಳ್ಳಿ ಪೊರೆಯ ಕಾಯಿಲೆ, ಸೋರಿಯಾಸಿಸ್, ಮೈಯೆಲ್ಲ ಹಬ್ಬಿ, ಚರ್ಮಕ್ಕೆ ಮೈಯ ಕಾವು ಹಿಡಿದಿಡುವ ಶಕ್ತಿಯೇ ಹೋಗಿತ್ತು. ಪೂರ್ತಿ ಬಿಟ್ಟುಹೋಗುವ ಕಾಯಿಲೆಯಲ್ಲ, ಹಿಡಿತದಲ್ಲಿಡಬಹುದು ಎಂದರು. ಹಾಗೇ ಇಟ್ಟರು ದೊಡ್ಡಪ್ಪ, ಕೊನೆಯವರೆಗೂ: ವಾರಕ್ಕೊಮ್ಮೆ ಮಾತ್ರೆ, ಆಗಾಗ ರಕ್ತಪರೀಕ್ಷೆ, ಸ್ನಾನವಾದ ಕೂಡಲೇ ಮುಲಾಮು. ಈಗ ನನ್ನ ಮೊಣಕೈಯಲ್ಲೂ ಅದೇ ಪೊರೆ ಎದ್ದಿದೆ. ಮುಚ್ಚಿಡದೆ ನೇರ ಚರ್ಮದ ಡಾಕ್ಟರ ಬಳಿ ಹೋದೆನೆಂದರೆ ಅದು ಅವರ ಋಣ.

ಆ ಹಲ್ಲಿನ ಸದ್ದು ನನಗೆ ಈಗಲೂ ಕೇಳುತ್ತದೆ. ಕೇಳಿದಾಗೆಲ್ಲ ಒಂದು ಭಾನುವಾರವನ್ನು ನೆನೆಯುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೂ ತುರಿಕೆ ಅವರನ್ನು ಮಲಗಗೊಟ್ಟಿರಲಿಲ್ಲ. ಅಂದು ಬಿಸಿಲು ಅಂಗಳಕ್ಕಿಳಿದರೂ ಅವರು ಎದ್ದಿರಲಿಲ್ಲ. ಗಾಬರಿಯಿಂದ ಒಳಗೆ ಹೊರಟ ನನ್ನ ತೋಳನ್ನು ಅಜ್ಜಿ ಹಿಡಿದರು.

"ಸದ್ದು ಮಾಡ್ಬ್ಯಾಡ ಕಣ್ಲಾ. ಗೊರಕೆ ಹೊಡೀತಾವ್ನೆ. ರಾತ್ರಿಯೆಲ್ಲ ಒಂದ್ಸಲನೂ ಏಳ್ನಿಲ್ಲ."

ಹಾಗೆಂದವರೇ, ಪಕ್ಕದ ಮನೆಯಲ್ಲಿ ಕಿರ್ರೆನ್ನುತ್ತಿದ್ದ ಲೇತು ನಿಲ್ಲಿಸಿ ಬರಲು ಹೋದರು.