ಇಪ್ಪತ್ತನೆಯ ಚೀಟಿ

ಗ್ರಾಬೂವ್ಕಾ ಹಳ್ಳಿಯ ಚರ್ಚಿನಲ್ಲಿ ಪರಮಪ್ರಸಾದ ಹಂಚಿ ಮುಗಿದು, ಕೊನೆಯ ಆಶೀರ್ವಾದಕ್ಕೆ ಮೊದಲು ಪ್ರಕಟಣೆಗಳಿರುತ್ತವೆ. ಪ್ರವಚನದ ಹೊತ್ತಿನಲ್ಲಿ ತೂಕಡಿಸಿದವರೂ ಆಗ ಕಣ್ಣು ಬಿಟ್ಟು ನೆಟ್ಟಗೆ ಕೂರುತ್ತಾರೆ. ಆ ವಾರ ಯಾರ ಮದುವೆಯ ಕರೆ ಕೂಗುತ್ತಾರೆ, ಯಾರ ಹೆಸರಿನ ಪೂಜೆ ಯಾವ ದಿನ, ಶನಿವಾರ ಚರ್ಚು ತೊಳೆಯುವ ಸರದಿ ಯಾವ ಮನೆಗಳದು, ಇವೆಲ್ಲ ಗೊತ್ತಾಗುವುದು ಆಗಲೇ.

ಸೆಪ್ಟೆಂಬರಿನ ಆ ಭಾನುವಾರ ಫಾದರ್ ಸೆವೆರಿನ್ ತಮ್ಮ ಕಾಗದವನ್ನು ಎರಡು ಕೈಯಲ್ಲೂ ಹಿಡಿದು ಓದಿದರು. ಸುಗ್ಗಿಹಬ್ಬಕ್ಕೆ ಗೋಧಿಯ ತೆನೆಗಳಿಂದ ಕಟ್ಟಿದ್ದ ದೊಡ್ಡ ಹಾರವನ್ನು ಇಲಿಗಳು ಕಂಡುಕೊಂಡಿರುವುದರಿಂದ ಅದನ್ನು ಇಳಿಸಬೇಕಾಗಿತ್ತು. ಮೂವತ್ತೊಂದರಿಂದ ಮೂವತ್ತೇಳನೆಯ ನಂಬರಿನ ಮನೆಯವರು ಶನಿವಾರ ಸ್ವಚ್ಛತೆಗೆ ಬರಬೇಕು, ಬರುವಾಗ ಬಕೆಟ್ಟು ತರಬೇಕು, ಏಕೆಂದರೆ ಚರ್ಚಿನ ಬಕೆಟ್ಟುಗಳೆಲ್ಲ ಸೋರುತ್ತವೆ. ಕೊನೆಯದಾಗಿ, ಅಕ್ಟೋಬರಿನ ಮೊದಲ ಭಾನುವಾರ ಜಪಸರದ ಗುಲಾಬಿಗಳನ್ನೆಲ್ಲ, ಎಂದರೆ ಇಪ್ಪತ್ತಿಪ್ಪತ್ತು ಜನರ ಪ್ರಾರ್ಥನೆಯ ಗುಂಪುಗಳನ್ನು, ಹೊಸದಾಗಿ ದಾಖಲು ಮಾಡಲಾಗುವುದು. ಇಪ್ಪತ್ತು ಜನ ಪೂರ್ತಿ ಇಲ್ಲದ ಗುಲಾಬಿಗಳನ್ನು ಬಿಡಿಸಿ, ಅವುಗಳ ಸದಸ್ಯರನ್ನು ಕೂಡಿಸಿ ಬೇರೆ ಗುಲಾಬಿ ಕಟ್ಟಲಾಗುವುದು.

ಮೂರನೆಯ ಬೆಂಚಿನಲ್ಲಿ ಕುಳಿತಿದ್ದ, ಕಿಂಗಾ ಗುಲಾಬಿಯ ಮುಖ್ಯಸ್ಥೆ ಅಪೊಲೊನಿಯಾ ಕಣ್ಣು ಕೂಡ ಮಿಟುಕಿಸಲಿಲ್ಲ. ಆಶೀರ್ವಾದ ಮುಗಿದದ್ದೇ ತಡ, ಪೂಜಾವಸ್ತ್ರಗಳ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು.

“ಫಾದರ್, ಕಿಂಗಾ ಗುಲಾಬಿಗೆ ಇಪ್ಪತ್ತು ಅಂತ ಬರ್ಕೊಳ್ಳಿ.”

“ಹತ್ತೊಂಬತ್ತಲ್ವೇ, ಪಾನಿ ಪೋಲಾ?”

“ಇವತ್ತು ಹತ್ತೊಂಬತ್ತು. ನೀವು ಬರೆಯೋದು ಅಕ್ಟೋಬರಿಗೆ ತಾನೆ?”

ಪಾನಿ ಎಂದರೆ ಮರ್ಯಾದೆಯ ಕರೆ, ಪೋಲಾ ಎಂಬುದು ಅವಳ ಮೊಟಕು ಹೆಸರು. ಊರಿನಲ್ಲಿ ಪಾನಿ ಪೋಲಾ ಎಂದರೆ ಸಾಕು. ಇಪ್ಪತ್ತೊಂಬತ್ತು ವರ್ಷ ಅವಳು ಹಾಲು ಸಂಗ್ರಹಿಸುವ ಕೇಂದ್ರದಲ್ಲಿ ಕೆಲಸ ಮಾಡಿದವಳು. ಬೆಳಗಿನ ಐದಕ್ಕೆ ಕೇಂದ್ರದ ಬಾಗಿಲು ತೆರೆದು, ಒಬ್ಬೊಬ್ಬರ ಕ್ಯಾನಿನಲ್ಲಿಯೂ ಮಾಪಕದ ಕೊಳವೆ ಇಳಿಬಿಟ್ಟು, ನೀರು ಬೆರೆತಿದ್ದರೆ ಮಾತಿಲ್ಲದೆ ಕ್ಯಾನನ್ನು ಪಕ್ಕಕ್ಕೆ ತಳ್ಳುತ್ತಿದ್ದಳು. ಒಮ್ಮೆ ಹೀಗೆ ಪಕ್ಕಕ್ಕೆ ಹೋದದ್ದು ಅವಳ ಸ್ವಂತ ಭಾವನ ಕ್ಯಾನು. ಆ ವರ್ಷದ ಕ್ರಿಸ್‌ಮಸ್ಸಿಗೆ ಅಕ್ಕನ ಮನೆಯಿಂದ ಕರೆ ಬರಲಿಲ್ಲ. ಅವಳು ತಾನೇ ಗಸಗಸೆ ತುಂಬಿದ ರೊಟ್ಟಿ ಕಟ್ಟಿಕೊಂಡು ಹೋಗಿ, ಕರೆಯದ ಮನೆಯಲ್ಲಿ ಕುಳಿತು ಹೊಟ್ಟೆ ತುಂಬ ಉಂಡು ಬಂದಳು. ಕೇಂದ್ರ ಮುಚ್ಚಿ ಹನ್ನೆರಡು ವರ್ಷಗಳಾಗಿದ್ದರೂ, ಅವಳು ದೃಷ್ಟಿಯಿಟ್ಟು ನೋಡಿದರೆ ಗಂಡಸರು ಈಗಲೂ ತಮ್ಮ ಕ್ಯಾನಿನಲ್ಲಿ ಏನಿದೆಯೋ ಎಂದು ಒಂದು ಕ್ಷಣ ಯೋಚಿಸುತ್ತಾರೆ.

ಗುಲಾಬಿಯ ಲೆಕ್ಕ ಸರಳವಾದದ್ದು. ಜಪಸರಕ್ಕೆ ಇಪ್ಪತ್ತು ರಹಸ್ಯಗಳು, ಎಂದರೆ ಯೇಸು ಮತ್ತು ಮರಿಯಮ್ಮನ ಬದುಕಿನ ಇಪ್ಪತ್ತು ಘಟನೆಗಳು. ಇಪ್ಪತ್ತು ಜನ ಸೇರಿ ಒಂದು ಗುಲಾಬಿ. ತಿಂಗಳ ಮೊದಲ ಭಾನುವಾರ ಪ್ರತಿಯೊಬ್ಬರಿಗೂ ಒಂದೊಂದು ರಹಸ್ಯದ ಚೀಟಿ, ಮುಂದಿನ ತಿಂಗಳು ಅದರ ಮುಂದಿನ ರಹಸ್ಯದ್ದು. ಆ ತಿಂಗಳೆಲ್ಲ ದಿನವೂ ಅವರವರು ತಮ್ಮ ಪಾಡಿಗೆ, ಹಾಲು ಕರೆಯುತ್ತಲೋ ಬಸ್ಸಿನಲ್ಲಿ ಕುಳಿತೋ, ಆ ಒಂದು ರಹಸ್ಯದ ಹತ್ತು ನಮೋ ಮರಿಯಾ ಹೇಳಿದರೆ ಸಾಕು. ಇಪ್ಪತ್ತು ಮನೆಗಳಲ್ಲಿ ಚದುರಿದ ಪ್ರಾರ್ಥನೆ ದಿನದ ಕೊನೆಗೆ ಒಂದು ಪೂರ್ಣ ಸರವಾಗುತ್ತದೆ. ಒಬ್ಬರು ತಪ್ಪಿದರೆ ಸರ ತುಂಡಾಗುತ್ತದೆ. ಸಂತ ಕಿಂಗಾಳ ಹೆಸರಿನ ಗುಲಾಬಿಯನ್ನು ಯುದ್ಧದ ಕಾಲದಲ್ಲಿ ಕಟ್ಟಿದವಳು ಅಪೊಲೊನಿಯಾಳ ಅಜ್ಜಿ. ಆಮೇಲೆ ಅವಳ ತಾಯಿ ನಡೆಸಿದಳು. ಅವಳ ಕೈಗೆ ಬಂದು ಇಪ್ಪತ್ತಾರು ವರ್ಷ. ಹಳೆಯ ನೋಟುಬುಕ್ಕಿನಲ್ಲಿ ತೊಂಬತ್ತನಾಲ್ಕು ಹೆಂಗಸರ ಹೆಸರಿತ್ತು, ಅವರಲ್ಲಿ ಎಪ್ಪತ್ತೈದು ಜನರ ಹೆಸರಿನ ಮುಂದೆ ಶಿಲುಬೆಯ ಗುರುತಿತ್ತು. ಗುಲಾಬಿ ಬಿಡಿಸಿದರೆ ಆ ಪುಸ್ತಕ ಅಲ್ಲಿಗೇ ಮುಗಿಯುತ್ತದೆ.

ಕೊನೆಯ ಶಿಲುಬೆಯ ಗುರುತು ಜುಲೈ ತಿಂಗಳ ಮಧ್ಯದಲ್ಲಿ ತೀರಿಕೊಂಡ ಮೆಲಾನಿಯಾಳದು. ನಾಲ್ಕು ವರ್ಷಗಳ ಹಿಂದೆ ಲಕ್ವ ಹೊಡೆದು ಮೆಲಾನಿಯಾಳ ಬಲಭಾಗವೂ ಮಾತೂ ಹೋಗಿದ್ದವು. ಆಗಲೇ ಕೆಲವರು, ಬಾಯಿ ಇಲ್ಲದವಳನ್ನು ಲೆಕ್ಕಕ್ಕೆ ಹೇಗೆ ಹಿಡಿಯುವುದು ಎಂದು ತಕರಾರು ತೆಗೆದಿದ್ದರು. ಅಪೊಲೊನಿಯಾ ಒಪ್ಪಲಿಲ್ಲ. ಮೆಲಾನಿಯಾ ಮನಸ್ಸಿನಲ್ಲೇ ಹೇಳುತ್ತಾಳೆ, ದೇವರಿಗೇನು ಕಿವಿ ಬೇಕೆ, ಎಂದು ವಾದಿಸಿ ತಿಂಗಳು ತಿಂಗಳೂ ಚೀಟಿಯನ್ನು ಮೆಲಾನಿಯಾಳ ಮನೆಗೆ ಮುಟ್ಟಿಸುತ್ತಿದ್ದಳು. ಬಾಗಿಲಲ್ಲಿ ಅದನ್ನು ತೆಗೆದುಕೊಳ್ಳುತ್ತಿದ್ದವನು ಗಂಡ ವಿತೋಲ್ಡ್. ಅವನು ಮಾತು ಕಡಮೆಯ ಮನುಷ್ಯ. ಪೂಜೆಯ ಹೊತ್ತಿನಲ್ಲಿ ಒಳಗೆ ಬಾರದೆ, ಹೊರಗೆ ಮರದ ಕೆಳಗೆ ಗಂಡಸರ ಗುಂಪಿನಲ್ಲಿ ನಿಂತು, ಧ್ವನಿವರ್ಧಕದಲ್ಲಿ ಬಂದಷ್ಟನ್ನು ಕೇಳಿ ಮನೆಗೆ ಹೋಗುವವನು. ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ತಲೆಯಾಡಿಸುತ್ತಿದ್ದ, ಅಷ್ಟೆ. ಮೆಲಾನಿಯಾ ಹೋದ ಮೇಲೆ ಆ ಖಾಲಿ ಸ್ಥಾನದ ರಹಸ್ಯವನ್ನು ಎರಡು ತಿಂಗಳಿಂದ ಅಪೊಲೊನಿಯಾಳೇ ತನ್ನದರ ಜೊತೆಗೆ ಹೇಳುತ್ತಿದ್ದಳು. ಆದರೆ ಫಾದರ್ ಎಣಿಸುವುದು ತಲೆಗಳನ್ನು.

ಹೆಂಗಸರಿಗೇನು ಬರ ಎಂದುಕೊಂಡು ಅವಳು ಸೋಮವಾರವೇ ಹೊರಟಳು. ಅಂಚೆಯ ಎದಿತಾ ಚಹಾ ಕೊಟ್ಟು, ಸೇಬಿನ ಕೇಕು ಕೊಟ್ಟು, ಜಪಸರ ಮುದುಕಿಯರಿಗೆ, ನನಗಿನ್ನೂ ಐವತ್ತೊಂದು ಎಂದಳು. ಬೇಕರಿಯ ಸೊಸೆ ಒಪ್ಪಿದಳು. ಅವಳ ಅತ್ತೆ, ದಿನಕ್ಕೆ ಹತ್ತು ನಿಮಿಷ ಯಾರ ಕೆಲಸದಿಂದ ಕಡಿಯುತ್ತೀಯೆ ಎಂದು ಕೇಳಿದ ಮೇಲೆ ಒಪ್ಪಿಗೆ ವಾಪಸಾಯಿತು. ಸೇತುವೆಯ ಬಳಿಯ ಒತಿಲಿಯಾ, ತಾನು ಈಗಾಗಲೇ ರೇಡಿಯೋದ ಜೊತೆಗೆ ದಿನವೂ ಪೂರ್ತಿ ಸರ ಹೇಳುತ್ತಿದ್ದೇನೆ, ಒಂದೇ ರಹಸ್ಯ ಹೇಳುವುದಕ್ಕೆ ನನ್ನನ್ನು ಕೆಳಕ್ಕೆ ಇಳಿಸುತ್ತೀಯಾ ಎಂದು ನೊಂದುಕೊಂಡಳು. ಹನ್ನೊಂದು ಮನೆಗಳಲ್ಲಿ ಹನ್ನೊಂದು ಲೋಟ ಚಹಾ ಆಯಿತು. ಹೆಸರು ಮಾತ್ರ ಒಂದೂ ಆಗಲಿಲ್ಲ.

ಶನಿವಾರ ಚರ್ಚು ತೊಳೆಯಲು ಅವಳದೂ ಸರದಿ. ಅವಳದು ಮೂವತ್ತನಾಲ್ಕನೆಯ ನಂಬರಿನ ಮನೆ. ಅಲ್ಲಿಯೇ ಲ್ಯುದ್ಮಿವಾ ಸಿಕ್ಕಳು. ಲ್ಯುದ್ಮಿವಾ ಸಂತ ಅನ್ನಳ ಗುಲಾಬಿಯ ಮುಖ್ಯಸ್ಥೆ. ಅವಳಲ್ಲಿ ಇಪ್ಪತ್ತು ಜನ ತುಂಬಿ, ಮೇಲೆ ಇಬ್ಬರು ಸರದಿಗೆ ಕಾಯುತ್ತಿದ್ದರು. ಅಪೊಲೊನಿಯಾ ನೆಲಕ್ಕೆ ಮೇಣ ಉಜ್ಜುತ್ತಲೇ, ಕಾಯುವವರಲ್ಲಿ ಒಬ್ಬಳನ್ನು ಬಿಟ್ಟುಕೊಡು ಎಂದು ಕೇಳಿದಳು.

“ಬಿಟ್ಟುಕೊಡೋದಕ್ಕೆ ಅವರೇನು ಕೋಳಿಮೊಟ್ಟೆಯಾ?” ಎಂದಳು ಲ್ಯುದ್ಮಿವಾ. “ಒಂದು ಮಾತು ಹೇಳ್ತೀನಿ ಪೋಲಾ, ಬೇಜಾರು ಮಾಡ್ಕೋಬೇಡ. ನಿನ್ನ ಗುಲಾಬಿ ಈ ಜುಲೈನಲ್ಲಿ ಹತ್ತೊಂಬತ್ತಾಗಿದ್ದಲ್ಲ. ನಾಲ್ಕು ವರ್ಷದಿಂದ ಹತ್ತೊಂಬತ್ತೇ. ಊರವರ ಹಾಲಿಗೆಲ್ಲ ಕೊಳವೆ ಹಾಕಿ ನೋಡಿದೋಳು, ನಿನ್ನ ಕ್ಯಾನಿಗೆ ಯಾವತ್ತು ಹಾಕ್ದೆ?”

ಅಪೊಲೊನಿಯಾ ಮೇಣದ ಬಟ್ಟೆಯನ್ನು ಮಡಿಸಿ, ಇನ್ನೊಂದು ಬೆಂಚಿನ ಸಾಲಿಗೆ ಹೋದಳು. ಮನೆಗೆ ನಡೆಯುವಾಗಲೂ ಆ ಮಾತು ಬೆನ್ನು ಬಿಡಲಿಲ್ಲ. ಮೆಲಾನಿಯಾ ಮನಸ್ಸಿನಲ್ಲಿ ಹೇಳುತ್ತಿದ್ದಳೆಂದು ತನಗೆ ಹೇಳಿದವರು ಯಾರು? ಯಾರೂ ಇಲ್ಲ. ಹೇಳುತ್ತಾಳೆಂದು ತಾನೇ ತೀರ್ಮಾನಿಸಿದ್ದಳು. ನಾಲ್ಕು ವರ್ಷ ತುಂಡು ಸರವನ್ನು ಪೂರ್ತಿ ಸರವೆಂದು ಬರೆದುಕೊಂಡಿದ್ದರೆ, ಅದು ಅವಳ ಮಟ್ಟಿಗೆ ನೀರು ಬೆರೆಸಿದ ಹಾಲಿಗಿಂತ ಕಡಮೆಯದಾಗಿರಲಿಲ್ಲ.

ಮುಂದಿನ ಭಾನುವಾರದ ಪ್ರಕಟಣೆಗಳಲ್ಲಿ, ಅಕ್ಟೋಬರಿನಲ್ಲಿ ದಿನವೂ ಸಂಜೆ ಐದಕ್ಕೆ ಜಪಸರ ಎಂದೂ, ಸಮಾಧಿಗಳ ಮೇಲಿನ ಒಣಹೂಗಳನ್ನು ಈಗಲೇ ತೆಗೆದರೆ ನವೆಂಬರಿನಲ್ಲಿ ಅನುಕೂಲವೆಂದೂ ಓದಿದರು. ಅಪೊಲೊನಿಯಾಳಿಗೆ ಇನ್ನೂ ಆರು ಮನೆಗಳು ಉಳಿದಿದ್ದವು. ಗುರುವಾರಕ್ಕೆ ಅವೂ ಮುಗಿದವು.

ಶುಕ್ರವಾರ ಅವಳು ಅಂಗಳದಲ್ಲಿ ಪ್ಲಮ್ ಹಣ್ಣಿನ ಮುರಬ್ಬ ಕಾಯಿಸುತ್ತಿದ್ದಳು. ಸಕ್ಕರೆ ಹಾಕದೆ ಎರಡು ದಿನ ಕಾಯಿಸಬೇಕಾದ ಮುರಬ್ಬ ಅದು. ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ. ಕೊಪ್ಪರಿಗೆಯ ಮುಂದೆ ಮರದ ಹುಟ್ಟು ಹಿಡಿದು ನಿಂತಿದ್ದಾಗ ಗೇಟಿನ ಬಳಿ ಸೈಕಲ್ಲು ನಿಂತಿತು. ಇಳಿದವನು ವಿತೋಲ್ಡ್. ಟೋಪಿ ತೆಗೆಯಲಿಲ್ಲ, ನಮಸ್ಕಾರ ಹೇಳಲಿಲ್ಲ. ಜಗಳಕ್ಕೆ ಬಂದವನ ಮುಖವಿತ್ತು. ಅವನು ಜೇಬಿನಿಂದ ಅಂಚು ಸವೆದ ಚೀಟಿಯೊಂದನ್ನು ತೆಗೆದು ಮುಂದೆ ಹಿಡಿದ.

“ಪಾನಿ ಪೋಲಾ, ಇದನ್ನ ಬದಲಾಯಿಸೋದು ನಿಮ್ಮ ಕೆಲಸ ಅಲ್ವೇನ್ರೀ? ಮೂರು ತಿಂಗಳಾಯ್ತು. ಮೂರು ತಿಂಗಳಿಂದ ಯೇಸುವನ್ನ ಕಂಬಕ್ಕೆ ಕಟ್ಟಿ ಚಾಟಿಯಲ್ಲಿ ಹೊಡೆಸ್ತಾನೇ ಇದ್ದೀನಿ. ಇನ್ನಾದ್ರೂ ಬಿಚ್ಚಿಸೋದು ಬೇಡ್ವಾ?”

ಹುಟ್ಟು ನಿಂತಿತು. ಚೀಟಿ ಅವಳದೇ ಕೈಬರಹ. ಜುಲೈ ತಿಂಗಳದು, ದುಃಖದ ರಹಸ್ಯಗಳಲ್ಲಿ ಎರಡನೆಯದು, ಯೇಸುವಿಗೆ ಚಾಟಿಯೇಟು.

“ಇದನ್ನ ನೀವು ಹೇಳ್ತಿದ್ದೀರಾ?”

“ಮತ್ತೆ ಯಾರು ಹೇಳ್ತಾರೆ? ತಳ ಹಿಡೀತಿದೆ ನೋಡಿ.”

ಅವಳು ಹುಟ್ಟನ್ನು ಮತ್ತೆ ಆಡಿಸತೊಡಗಿದಳು. ಅವನು ಬಿಟ್ಟು ಬಿಟ್ಟು, ಹಸುವಿನ ಕಾಯಿಲೆಯ ವಿವರ ಕೊಡುವವನಂತೆ ಹೇಳಿದ. ಲಕ್ವ ಹೊಡೆದ ಮೊದಲ ತಿಂಗಳು ಅವನು ಚೀಟಿಯನ್ನು ಮೆಲಾನಿಯಾಳ ದಿಂಬಿನ ಪಕ್ಕ ಇಟ್ಟನಂತೆ. ಅವಳು ಚೀಟಿಯನ್ನು ನೋಡುವಳು, ಅವನನ್ನು ನೋಡುವಳು, ಎಡಗೈಯಿಂದ ಹೊದಿಕೆಯನ್ನು ಬಡಿಯುವಳು. ನೀರು ಕೊಟ್ಟ, ಕಿಟಕಿ ತೆರೆದ, ಬಡಿತ ನಿಲ್ಲಲಿಲ್ಲ. ಕೊನೆಗೆ ಅವನು ಚೀಟಿಯನ್ನು ಗಟ್ಟಿಯಾಗಿ ಓದಿದಾಗ ನಿಂತಿತು. ಅಂದಿನಿಂದ ಸಂಜೆ ಹಾಲು ಕರೆದು ಬಂದು ಅವನು ಹೇಳುವುದು, ಅವಳು ಎಡಗೈಯ ಬೆರಳಿನಿಂದ ಮಣಿ ಸರಿಸುವುದು. ಒಂದು ದಿನವೂ ತಪ್ಪಿಸಿರಲಿಲ್ಲ. ಮಣ್ಣು ಮಾಡಿ ಬಂದ ದಿನ ಚೀಟಿ ಮೇಜಿನ ಮೇಲೆಯೇ ಇತ್ತು, ಅಂದೂ ಹೇಳಿದ.

ಅಪೊಲೊನಿಯಾಳ ಕಣ್ಣಿಗೆ ಹೊಗೆ ಬಂದಿತ್ತು. ಗಾಳಿ ಆ ಕಡೆಗೇ ಬೀಸುತ್ತಿತ್ತು. ಒರೆಸಿಕೊಂಡು, ಆಗಸ್ಟಿನ ಮುಳ್ಳಿನ ಕಿರೀಟವನ್ನೂ ಸೆಪ್ಟೆಂಬರಿನ ಶಿಲುಬೆಯ ದಾರಿಯನ್ನೂ ತಾನೇ ಹೇಳಿ ಮುಗಿಸಿರುವುದಾಗಿ ತಿಳಿಸಿದಳು. ಚಾಟಿಯೇಟಿನ ರಹಸ್ಯ ಬೇರೊಬ್ಬರ ಪಾಲಿಗೆ ಹೋಗಿ, ಅವರೂ ಅದನ್ನೇ ಹೇಳುತ್ತಿದ್ದರು.

“ಹಾಗಾದ್ರೆ ಎರಡು ತಿಂಗಳು ಪಾಪ ಅವನಿಗೆ ಎರಡೆರಡು ಸಲ ಏಟು ಬಿದ್ದಿದೆ,” ಎಂದ ವಿತೋಲ್ಡ್. “ಮುಂದಿನದು ಕೊಡಿ, ಹೋಗ್ತೀನಿ.”

ಕೊಡುವುದು ಅಷ್ಟು ಸುಲಭವಾಗಿರಲಿಲ್ಲ. ಅವಳು ಫಾದರ್ ಓದಿದ್ದನ್ನು ನೆನಪಿಸಿ, ಅವನ ಹೆಸರನ್ನು ಬರೆದುಕೊಳ್ಳಬೇಕೆಂದೂ ಭಾನುವಾರ ಅದನ್ನು ಚರ್ಚಿನಲ್ಲಿ ಓದುತ್ತಾರೆಂದೂ ಹೇಳಿದಳು. ಅವನು ಅರ್ಧ ಹೆಜ್ಜೆ ಹಿಂದಕ್ಕೆ ಸರಿದ. ಹೆಂಗಸರ ಗುಲಾಬಿಯಲ್ಲಿ ತನ್ನ ಹೆಸರು ಧ್ವನಿವರ್ಧಕದಲ್ಲಿ ಬಂದರೆ ಮರದ ಕೆಳಗಿನವರು ತನ್ನನ್ನು ಮುಂದಿನ ಈಸ್ಟರಿನವರೆಗೂ ಬಿಡುವುದಿಲ್ಲ. ಬೇಕಾದರೆ ಮೆಲಾನಿಯಾಳ ಹೆಸರನ್ನೇ ಓದಿಸಿ ಎಂದ.

“ಸತ್ತೋರ ಹೆಸರಲ್ಲಿ ನಾನು ಹಾಲು ಅಳೆದೋಳಲ್ಲ, ವಿತೋಲ್ಡ್.”

“ನಾನು ಹೇಳೋದು ಬಿಡಲ್ಲ, ಹೆಸರು ಮಾತ್ರ ಬೇಡ.”

“ಹೆಸರಿಲ್ಲಾಂದ್ರೆ ಗುಲಾಬಿ ಇಲ್ಲ. ಗುಲಾಬಿ ಇಲ್ಲಾಂದ್ರೆ ಚೀಟಿಗಳು ಹೊಸಬರ ಕೈಗೆ ಹೋಗ್ತವೆ. ನಿಮ್ಮ ಬಾಗಿಲಿಗೆ ಯಾರೂ ಚೀಟಿ ತರೋದಿಲ್ಲ. ಆಮೇಲೆ ಆ ಕಂಬದ ಹತ್ರಾನೇ ನಿಂತಿರಿ, ಸಾಯೋವರೆಗೂ.”

ಅವಳು ಒರಟಾಗಿಯೇ ಹೇಳಿದಳು. ಆಮೇಲೆ ಹುಟ್ಟನ್ನು ಅವನ ಕೈಗೆ ಕೊಟ್ಟು, ನಿಲ್ಲಿಸಬೇಡಿ ಎಂದು ಎಚ್ಚರಿಸಿ, ನೋಟುಬುಕ್ಕು ತರಲು ಒಳಗೆ ಹೋದಳು. ತಿರುಗಿ ಬಂದಾಗ ವಿತೋಲ್ಡ್ ಟೋಪಿಯನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿ, ಎರಡು ಕೈಯಲ್ಲೂ ಹುಟ್ಟು ಹಿಡಿದು, ಕೊಪ್ಪರಿಗೆಯ ತಳವನ್ನು ಚೆನ್ನಾಗಿ ಕೆರೆಯುತ್ತಿದ್ದ.

“ಬರ್ಕೊಳ್ಳಿ,” ಎಂದ, ಮುರಬ್ಬದಿಂದ ಕಣ್ಣೆತ್ತದೆ.

ಶನಿವಾರ ಪಟ್ಟಿಯನ್ನು ನೋಡಿದ ಫಾದರ್ ಸೆವೆರಿನ್, ಇದು ಹೆಂಗಸರ ಗುಲಾಬಿಯಲ್ಲವೇ ಎಂದು ಕೇಳಿದರು. ನಿಯಮದಲ್ಲಿ ಇಪ್ಪತ್ತು ಜನ ಎಂದಿದೆಯೇ, ಇಪ್ಪತ್ತು ಲಂಗ ಎಂದಿದೆಯೇ ಎಂದು ಅಪೊಲೊನಿಯಾ ಕೇಳಿದಳು. ಫಾದರ್ ನಕ್ಕು ಮೊಹರು ಒತ್ತಿದರು.

ಭಾನುವಾರ ಪ್ರಕಟಣೆಗಳಲ್ಲಿ ಕಿಂಗಾ ಗುಲಾಬಿಯ ಇಪ್ಪತ್ತು ಹೆಸರುಗಳನ್ನು ಓದಿದರು. ಇಪ್ಪತ್ತನೆಯದು ಬಂದಾಗ ಬೆಂಚುಗಳಲ್ಲಿ ಒಮ್ಮೆ ಸರಸರ ಎಂದಿತು. ಹೊರಗಿನಿಂದ ಯಾರೋ ಜೋರಾಗಿ ಕೆಮ್ಮಿದ್ದು ಒಳಗೂ ಕೇಳಿಸಿತು. ಆಶೀರ್ವಾದದ ನಂತರ ಗುಲಾಬಿಯವರು ಮರಿಯಮ್ಮನ ಪೀಠದ ಮುಂದೆ ಸೇರಿದರು. ಹತ್ತೊಂಬತ್ತು ಚೀಟಿಗಳು ಹಂಚಿಹೋದವು. ಒಂದು ಅಪೊಲೊನಿಯಾಳ ಕೈಯಲ್ಲಿ ಉಳಿಯಿತು. ಪಕ್ಕದಲ್ಲಿ ತನ್ನವರಿಗೆ ಹಂಚುತ್ತಿದ್ದ ಲ್ಯುದ್ಮಿವಾ ಇತ್ತ ನೋಡುವುದನ್ನು ಮರೆಮಾಡಲಿಲ್ಲ. ಅಪೊಲೊನಿಯಾ ಕಾದಳು. ಬರುತ್ತಾನೆ ಎಂಬುದರಲ್ಲಿ ಅವಳಿಗೆ ಸಂದೇಹವಿರಲಿಲ್ಲ. ಯಾವಾಗ ಬರುತ್ತಾನೆ ಎಂಬುದೊಂದೇ ಗೊತ್ತಿರಲಿಲ್ಲ.

ಹಿಂದಿನ ಬಾಗಿಲು ತೆರೆಯಿತು. ವಿತೋಲ್ಡ್ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು, ಯಾರನ್ನೂ ನೋಡದೆ, ನಡುದಾರಿಯಲ್ಲಿ ಬಂದ. ಮೈಯಿಂದ ತಂಬಾಕಿನ ವಾಸನೆ ಬರುತ್ತಿತ್ತು. ಹೆಂಗಸರು ಸರಿದು ದಾರಿ ಬಿಟ್ಟರು.

“ಏನಪ್ಪಾ ವಿತೋಲ್ಡ್,” ಎಂದಳು ಲ್ಯುದ್ಮಿವಾ, “ಇಷ್ಟು ದಿನ ಇಲ್ಲದ ಭಕ್ತಿ ಇವತ್ತು ಎಲ್ಲಿಂದ ಬಂತು?”

“ನಾಲ್ಕು ವರ್ಷದಿಂದ ಇದೆ. ಮೆಲಾನಿಯಾ ಕೈಯಲ್ಲಿ ಮಣಿ, ನನ್ನ ಬಾಯಲ್ಲಿ ಮಾತು. ನೀನು ಕೇಳಿರಲಿಲ್ಲ, ಅಷ್ಟೆ.”

ಲ್ಯುದ್ಮಿವಾ ಅಪೊಲೊನಿಯಾಳ ಕಡೆಗೆ ತಿರುಗಿದಳು. ಅಪೊಲೊನಿಯಾ ಚೀಟಿಯನ್ನು ಅವನ ಕೈಗೆ ಕೊಟ್ಟಳು. ಚೀಟಿ ಹಂಚುವ ದಿನ, ಭಾನುವಾರವಾದರೂ, ದುಃಖದ ಐದು ರಹಸ್ಯಗಳನ್ನು ಎಲ್ಲರೂ ಕೂಡಿ ಹೇಳುವುದು ಕಿಂಗಾ ಗುಲಾಬಿಯ ವಾಡಿಕೆ. ಯಾರ ಪಾಲಿಗೆ ಯಾವುದು ಬಂದಿದೆಯೋ ಅವರು ಪ್ರತಿ ನಮೋ ಮರಿಯಾದ ಮೊದಲರ್ಧ ಹೇಳಬೇಕು, ಉಳಿದವರು ಮುಂದಿನರ್ಧ. ನಾಲ್ಕು ಮುಗಿದವು. ಐದನೆಯದಾದ ಶಿಲುಬೆಯ ಮರಣಕ್ಕೆ ವಿತೋಲ್ಡ್ ಚೀಟಿಯನ್ನು ದೂರಕ್ಕೆ ಹಿಡಿದು ಓದಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಮನೆಯಲ್ಲಿ ಹಸುಗಳು ಕಾಯುತ್ತಿರುವವನ ವೇಗ ಅವನದು. ಎರಡನೆಯ ನಮೋ ಮರಿಯಾಗೇ ಹೆಂಗಸರು ಹಿಂದೆ ಬಿದ್ದರು. ಯಾರೋ ನಿಧಾನ ಎಂದು ಪಿಸುಗುಟ್ಟಿದರು. ಅಪೊಲೊನಿಯಾ ತಲೆ ಅಲ್ಲಾಡಿಸಿ, ಧ್ವನಿಯೇರಿಸಿ ಉತ್ತರಾರ್ಧವನ್ನು ಅವನ ವೇಗಕ್ಕೇ ಹೇಳತೊಡಗಿದಳು. ಐದನೆಯ ನಮೋ ಮರಿಯಾದ ಹೊತ್ತಿಗೆ ಉಳಿದ ಹದಿನೆಂಟು ಜನರೂ ಅವಳ ಜೊತೆಗೂಡಿದರು.